ಮೂರೇ ವಿಕೆಟ್ ನೋಡಿ ಬೌಲರ್‌ನನ್ನು ಅಳೆಯಬಹುದೇ? ಅರಸೀಕೆರೆಯ ಡೇವಿಡ್ ಜಾನ್ಸನ್ ಲೆಕ್ಕ

ತಂಡದ ಮುಖ್ಯ ಬೌಲರ್ ಗಾಯಗೊಂಡು ಹೊರಗುಳಿದಾಗ ಬದಲಿ ಆಟಗಾರನೊಬ್ಬ ಬರುತ್ತಾನೆ. ಎರಡು ಪಂದ್ಯ ಮುಗಿಯುವಷ್ಟರಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ತೀರ್ಪು ಸಿದ್ಧ: ಒಂದೋ ‘ಇವನು ಲಾಯಕ್ಕಿಲ್ಲ’, ಇಲ್ಲವೇ ‘ಇಂಥವನನ್ನು ಇಷ್ಟು ದಿನ ಯಾಕೆ ಕೂರಿಸಿದ್ದರು?’ ಈ ತೀರ್ಪುಗಳನ್ನು ಎಷ್ಟು ನಂಬಬಹುದು? ಉತ್ತರಕ್ಕೆ ಹಾಸನ ಜಿಲ್ಲೆಯದೇ ಒಂದು ಉದಾಹರಣೆ ಇದೆ.

ಎರಡು ಪಂದ್ಯ, ಮೂರು ವಿಕೆಟ್

ಅರಸೀಕೆರೆಯಿಂದ ಹಳೇಬೀಡಿನ ಕಡೆಗೆ ಹೊರಟರೆ ಜಾವಗಲ್ ಸಿಗುತ್ತದೆ. ಅದೂ ಅರಸೀಕೆರೆ ತಾಲ್ಲೂಕಿನ ಊರೇ. ಜಾವಗಲ್ ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಹೆಸರಿನಲ್ಲಿರುವುದು ಈ ಊರು. 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಇದ್ದಾಗ ಶ್ರೀನಾಥ್ ಗಾಯಗೊಂಡಿದ್ದರು. ಆಗ ಅವಕಾಶ ಸಿಕ್ಕಿದ್ದು ಅರಸೀಕೆರೆಯಲ್ಲಿ ಹುಟ್ಟಿದ ವೇಗಿ ಡೇವಿಡ್ ಜಾನ್ಸನ್ ಅವರಿಗೆ. ಅದೇ ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಇನ್ನೊಂದು ಟೆಸ್ಟ್ ಆಡಿದರು. ಅಲ್ಲಿಗೆ ಅವರ ಟೆಸ್ಟ್ ಬದುಕು ಮುಗಿಯಿತು. 2024ರ ಜೂನ್‌ನಲ್ಲಿ ಅವರು ತೀರಿಕೊಂಡರು.

ಅವರ ಟೆಸ್ಟ್ ಲೆಕ್ಕ ಇಷ್ಟೇ: 240 ಎಸೆತ, 143 ರನ್, 3 ವಿಕೆಟ್. ಬೌಲಿಂಗ್ ಸರಾಸರಿ ಎಂದರೆ ಕೊಟ್ಟ ರನ್ನನ್ನು ಪಡೆದ ವಿಕೆಟ್‌ಗಳಿಂದ ಭಾಗಿಸಿದ್ದು. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಜಾನ್ಸನ್ ಅವರದು 47.66. ಶ್ರೀನಾಥ್ ಅವರದು 67 ಟೆಸ್ಟ್‌ಗಳಲ್ಲಿ 236 ವಿಕೆಟ್, ಸರಾಸರಿ 30.49. ಹಾಗಾದರೆ ಜಾನ್ಸನ್ ಅಷ್ಟು ಕಳಪೆಯೇ?

ಎರಡು ವಿಕೆಟ್ ಸೇರಿಸಿ ನೋಡೋಣ

ಅದೇ 143 ರನ್ನಿಗೆ ಇನ್ನೆರಡು ವಿಕೆಟ್ ಬಿದ್ದಿದ್ದರೆ? ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಸ್ಲಿಪ್ ಕೈಗೆ ಹೋಗುವುದಕ್ಕೂ ಪಕ್ಕದಲ್ಲೇ ಬೌಂಡರಿಗೆ ಓಡುವುದಕ್ಕೂ ನಡುವೆ ಇರುವುದು ಗೇಣು ದೂರ. 143ನ್ನು 5ರಿಂದ ಭಾಗಿಸಿದರೆ 28.6. ಅಂದರೆ ಶ್ರೀನಾಥ್ ಅವರದಕ್ಕಿಂತಲೂ ಉತ್ತಮ! ಒಂದು ವಿಕೆಟ್ ಕಡಿಮೆಯಾಗಿದ್ದರೆ 71.5.

ಈಗ ಶ್ರೀನಾಥ್ ಲೆಕ್ಕಕ್ಕೂ ಎರಡು ವಿಕೆಟ್ ಸೇರಿಸಿ. 30.49 ಇದ್ದದ್ದು 30.24 ಆಗುತ್ತದೆ, ಅಷ್ಟೇ. ಕೆರೆಗೆ ಎರಡು ಬಿಂದಿಗೆ ನೀರು ಸುರಿದಂತೆ. ಲೆಕ್ಕ ಚಿಕ್ಕದಿದ್ದಾಗ ಅದೃಷ್ಟದ ತೂಕ ಹೆಚ್ಚು, ದೊಡ್ಡದಾದಾಗ ಆಟಗಾರನ ನಿಜವಾದ ಮಟ್ಟ ಕಾಣಿಸುತ್ತದೆ.

ಪ್ರಥಮ ದರ್ಜೆ ಪಂದ್ಯಗಳಲ್ಲಿ ಜಾನ್ಸನ್ 39 ಪಂದ್ಯ ಆಡಿ 125 ವಿಕೆಟ್ ಪಡೆದಿದ್ದಾರೆ. ಸರಾಸರಿ 28.63. ರಣಜಿ ಬ್ಯಾಟ್ಸ್‌ಮನ್‌ಗಳಿಗಿಂತ ಟೆಸ್ಟ್ ಬ್ಯಾಟ್ಸ್‌ಮನ್‌ಗಳು ಬಲಶಾಲಿಗಳು, ಹಾಗಾಗಿ ಟೆಸ್ಟ್‌ನಲ್ಲೂ ಇದೇ ಸರಾಸರಿ ಬರುತ್ತಿತ್ತು ಎನ್ನಲಾಗದು. ಆದರೆ ಅವರು ಎಂಥ ಬೌಲರ್ ಎಂದು ಹೇಳುವುದಕ್ಕೆ 3 ವಿಕೆಟ್‌ಗಿಂತ 125 ವಿಕೆಟ್ ಗಟ್ಟಿ ಸಾಕ್ಷಿ.

ಹೊಗಳಿಕೆಗೂ ಇದೇ ಮಾತು

1988ರಲ್ಲಿ ಮದ್ರಾಸಿನಲ್ಲಿ ನರೇಂದ್ರ ಹಿರ್ವಾನಿ ತಮ್ಮ ಮೊದಲ ಟೆಸ್ಟ್‌ನಲ್ಲೇ ವೆಸ್ಟ್ ಇಂಡೀಸಿನ 16 ವಿಕೆಟ್ ಕಿತ್ತರು, ಕೊಟ್ಟದ್ದು 136 ರನ್. ಸರಾಸರಿ 8.5! ಆದರೆ 17 ಟೆಸ್ಟ್ ಮುಗಿದಾಗ ಅವರ ಒಟ್ಟು ವಿಕೆಟ್ 66, ಸರಾಸರಿ 30.10. ಮೊದಲ ಪಂದ್ಯ ಸುಳ್ಳಲ್ಲ, ಅದೇ ಪೂರ್ತಿ ಚಿತ್ರವೂ ಅಲ್ಲ.

ಜಾನ್ಸನ್ ದೆಹಲಿಯಲ್ಲಿ ಗಂಟೆಗೆ 157.8 ಕಿ.ಮೀ. ವೇಗದ ಚೆಂಡು ಎಸೆದಿದ್ದರು ಎಂಬ ಸಂದೇಶವೂ ಓಡಾಡುತ್ತದೆ. ಒಂದು ಚೆಂಡಿನ ವೇಗ ಆ ಒಂದು ಚೆಂಡಿನ ಬಗ್ಗೆ ಮಾತ್ರ ಹೇಳುತ್ತದೆ. ಅದನ್ನು ಹಿಡಿದು ‘ಮಹಾನ್ ಬೌಲರ್’ ಎನ್ನುವುದೂ 47.66 ಹಿಡಿದು ‘ಪ್ರಯೋಜನವಿಲ್ಲ’ ಎನ್ನುವುದೂ ಒಂದೇ ತಪ್ಪು.

ಅನ್ನದ ಅಗುಳು, ತೆಂಗಿನಕಾಯಿ ರಾಶಿ

ಅನ್ನ ಬೆಂದಿದೆಯೇ ನೋಡಲು ಒಂದಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ನಿಜ, ಏಕೆಂದರೆ ಅದು ಒಂದೇ ಪಾತ್ರೆ, ಒಂದೇ ಬೆಂಕಿ, ಒಂದೇ ಅಕ್ಕಿ. ತೆಂಗಿನಕಾಯಿ ರಾಶಿ ಹಾಗಲ್ಲ. ಮರ ಬೇರೆ, ಗೊನೆ ಬೇರೆ. ಮೂರು ಕಾಯಿ ಒಡೆದು ಇಡೀ ಲೋಡಿಗೆ ಬೆಲೆ ಕಟ್ಟಿದರೆ ನಷ್ಟ ಯಾರಿಗೆ ಎಂದು ಅರಸೀಕೆರೆಯ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಕ್ರಿಕೆಟ್ ಆ ಕಾಯಿ ರಾಶಿಯಂತೆ: ಪಿಚ್, ಎದುರಾಳಿ, ಕ್ಯಾಚ್ ಹಿಡಿಯುವವರು, ಎಲ್ಲವೂ ಪ್ರತಿ ಪಂದ್ಯಕ್ಕೆ ಬದಲಾಗುತ್ತವೆ.

ಫಾರ್ವರ್ಡ್ ಒತ್ತುವ ಮುನ್ನ

ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಇದು ಎಷ್ಟು ಪಂದ್ಯದ, ಎಷ್ಟು ಎಸೆತದ ಲೆಕ್ಕ?
2. ಒಂದೆರಡು ವಿಕೆಟ್ ಅತ್ತಿತ್ತ ಆದರೆ ತೀರ್ಪು ತಲೆಕೆಳಗಾಗುತ್ತದೆಯೇ?
3. ಅದೇ ಆಟಗಾರನ ದೊಡ್ಡ ಲೆಕ್ಕ ಬೇರೆಲ್ಲಾದರೂ ಇದೆಯೇ?

ಇದು ಕ್ರಿಕೆಟ್‌ಗಷ್ಟೇ ಸೀಮಿತವಲ್ಲ. ‘ಈ ಕಷಾಯ ಕುಡಿದು ಮೂವರಿಗೆ ಶುಗರ್ ಇಳಿಯಿತು’ ಎಂಬ ಸಂದೇಶ ಬಂದಾಗಲೂ ಇದೇ ಪ್ರಶ್ನೆ ಕೇಳಿ: ಕುಡಿದವರು ಒಟ್ಟು ಎಷ್ಟು ಮಂದಿ? ಇಳಿಯದವರ ಕಥೆ ಎಲ್ಲಿ? ಆಟದಲ್ಲಿ ಅವಸರದ ತೀರ್ಪಿನಿಂದ ಒಬ್ಬ ಆಟಗಾರನಿಗೆ ಅನ್ಯಾಯವಾಗುತ್ತದೆ. ಔಷಧಿ ವಿಷಯದಲ್ಲಾದರೆ ಮನೆಯವರ ಆರೋಗ್ಯಕ್ಕೇ ಕುತ್ತು.