ಕೊರತೆಯೇ ಕೈಮರವಾದಾಗ

ಅದು 1801ನೇ ಇಸವಿ. ಲಂಡನ್ನಿನಲ್ಲಿ ಧಾನ್ಯದ ಬೆಲೆ ಗಗನಕ್ಕೇರಿತ್ತು. ಕಾಯಿಲೆಯಿಂದ ಸೊರಗಿದ್ದ ಕಮ್ಮಾರನೊಬ್ಬನ ಮನೆಯಲ್ಲಿ ಒಂಬತ್ತು ವರ್ಷದ ಹುಡುಗನ ಪಾಲಿಗೆ ವಾರಕ್ಕೆ ಸಿಗುತ್ತಿದ್ದುದು ಒಂದೇ ಒಂದು ಬ್ರೆಡ್ಡು. ಶಾಲೆಯಲ್ಲಿ ಅವನು ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ; ಅಷ್ಟೇ. ಮುಂದೆ ಡೈನಮೊ, ಟ್ರಾನ್ಸ್‌ಫಾರ್ಮರುಗಳ ಮೂಲತತ್ತ್ವವನ್ನು ಕಂಡುಹಿಡಿದ ಮೈಕೆಲ್ ಫ್ಯಾರಡೆ ಇವನೇ.

ಕಷ್ಟಪಟ್ಟು ಮೇಲೆ ಬಂದವರ ಕಥೆಗಳು ಬೇಕಾದಷ್ಟಿವೆ. ಫ್ಯಾರಡೆಯ ವಿಶೇಷವೆಂದರೆ, ತನ್ನ ಒಂದೊಂದು ಕೊರತೆಯಿಂದಲೂ ಅವನು ಒಂದೊಂದು ಒಳ್ಳೆಯ ಅಭ್ಯಾಸವನ್ನು ರೂಢಿಸಿಕೊಂಡದ್ದು.

ರಟ್ಟು ಹಾಕುವ ಹುಡುಗ

1805ರಲ್ಲಿ ಫ್ಯಾರಡೆ ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿಯಲ್ಲಿ ಏಳು ವರ್ಷದ ಕರಾರಿನ ಮೇಲೆ ಕೆಲಸ ಕಲಿಯಲು ಸೇರಿದ. ಪುಸ್ತಕ ಕೊಳ್ಳಲು ಹಣವಿರಲಿಲ್ಲ. ರಟ್ಟಿಗೆ ಬಂದ ಪುಸ್ತಕಗಳನ್ನೇ ಓದಿದ. ಓದಿದ್ದು ನಿಜವೇ ಎಂದು ಕೈಗೆ ನಿಲುಕುವ ಸಾಮಾನುಗಳಿಂದ ಪ್ರಯೋಗ ಮಾಡಿ ನೋಡಿದ. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ಚಿತ್ರಸಹಿತ ಬರೆದು, ತಾನೇ ರಟ್ಟು ಹಾಕಿ ಡೇವಿಗೆ ಕಳಿಸಿದ. ಮರುವರ್ಷ ಅಲ್ಲೇ ಸಹಾಯಕನಾದ.

ನೆನಪಿನ ಶಕ್ತಿ ಸಾಲದೆಂಬುದು ಅವನ ಇನ್ನೊಂದು ಕೊರಗು. ಆದ್ದರಿಂದ ಪ್ರತಿ ಪ್ರಯೋಗವನ್ನೂ, ವಿಫಲವಾದದ್ದನ್ನೂ ಬಿಡದೆ, ದಿನಚರಿಯಲ್ಲಿ ಬರೆದಿಟ್ಟ. ಹಾಗೆ ಬರೆದ ಪ್ಯಾರಾಗಳಿಗೆ ಕೊಟ್ಟ ಸಂಖ್ಯೆ ಕೊನೆಗೆ 16,000 ದಾಟಿತು!

ವಿದ್ಯುತ್ತಿನಿಂದ ಕಾಂತತ್ವ ಹುಟ್ಟುತ್ತದೆಂದು 1820ರಲ್ಲೇ ಗೊತ್ತಾಗಿತ್ತು. ಕಾಂತದಿಂದ ವಿದ್ಯುತ್ತು ಹುಟ್ಟೀತೆ? ಫ್ಯಾರಡೆ ಹಲವು ಬಾರಿ ಯತ್ನಿಸಿ ಸೋತ. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ತಂತಿ ಸುರುಳಿಗಳನ್ನು ಸುತ್ತಿ, ಒಂದನ್ನು ಬ್ಯಾಟರಿಗೆ ಜೋಡಿಸಿದ. ಇನ್ನೊಂದು ಸುರುಳಿಯ ಬಳಿಯಿದ್ದ ಸೂಜಿ ಅಲುಗಿ, ಮತ್ತೆ ಸುಮ್ಮನಾಯಿತು. ಬ್ಯಾಟರಿ ಕಳಚಿದಾಗ ಇನ್ನೊಮ್ಮೆ ಅಲುಗಿತು. ಸ್ಥಿರವಾದ ಕಾಂತತ್ವದಿಂದ ಫಲವಿಲ್ಲ. ಅದು ಬದಲಾಗುವಾಗ ಮಾತ್ರ ವಿದ್ಯುತ್ತು ಹುಟ್ಟುತ್ತದೆ ಎಂಬ ಗುಟ್ಟು ಬಯಲಾಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದೂ ಇದೇ ತತ್ತ್ವದಿಂದ.

ಗಣಿತ ಬಾರದ ವಿಜ್ಞಾನಿ

ಉನ್ನತ ಗಣಿತ ಫ್ಯಾರಡೆಗೆ ಬರುತ್ತಿರಲಿಲ್ಲ. ಅದನ್ನು ಅವನು ಮುಚ್ಚಿಡಲೂ ಇಲ್ಲ. ಸಮೀಕರಣಗಳ ಬದಲು ಚಿತ್ರವಾಗಿ ಯೋಚಿಸಿದ. ಕಾಂತದ ಮೇಲೆ ಕಾಗದವಿಟ್ಟು ಕಬ್ಬಿಣದ ಪುಡಿ ಉದುರಿಸಿದರೆ ಮೂಡುವ ಗೆರೆಗಳನ್ನು ಎಲ್ಲರೂ ಕಂಡಿದ್ದರು. ಅವು ಖಾಲಿ ಜಾಗದಲ್ಲೂ ಇರುವ ಬಲರೇಖೆಗಳೆಂದು ಅವನು ಎಣಿಸಿದ. ಈ ಕಲ್ಪನೆಗೆ ಗಣಿತದ ರೂಪ ಕೊಟ್ಟವನು ಮ್ಯಾಕ್ಸ್‌ವೆಲ್. ಬೆಳಕು ವಿದ್ಯುತ್ಕಾಂತೀಯ ತರಂಗ ಎಂಬ ತಿಳಿವು ಬಂದದ್ದು ಆ ದಾರಿಯಲ್ಲೇ.

ಹಾಗೆಂದು ಕಷ್ಟ ತಾನಾಗಿಯೇ ಯಾರನ್ನೂ ಜ್ಞಾನಿಯಾಗಿಸುವುದಿಲ್ಲ. ಅಂದಿನ ಲಂಡನ್ನಿನಲ್ಲಿ ಹಸಿದ ಮಕ್ಕಳು ಸಾವಿರಾರು ಇದ್ದರು. ಫ್ಯಾರಡೆಗೆ ಓದಲು ಬಿಟ್ಟ ಅಂಗಡಿ ಮಾಲೀಕ ರಿಬೋ ಇದ್ದ. ಡೇವಿಯ ಉಪನ್ಯಾಸಕ್ಕೆ ಟಿಕೀಟು ಕೊಟ್ಟ ಗಿರಾಕಿ ಇದ್ದ. ಅದಕ್ಕೂ ಮೊದಲು ಬೇರೆ ಉಪನ್ಯಾಸಗಳಿಗೆ ಹೋಗಲು ಶಿಲಿಂಗ್ ಕೊಟ್ಟ ಅಣ್ಣ ಇದ್ದ. ಆ ಅಣ್ಣನೂ ಕಮ್ಮಾರನೇ.

ಅಂಕಪಟ್ಟಿ ಹಿಡಿದು ತಲೆ ತಗ್ಗಿಸಿ ನಿಂತ ಮಗುವಿಗೆ 'ನಿನಗಿದು ಬಾರದು' ಎನ್ನುವುದು ಸುಲಭ. 'ಇದು ಬಾರದಿದ್ದರೆ ಬೇರೆ ಯಾವ ದಾರಿಯಲ್ಲಿ ಹೋಗೋಣ?' ಎಂದು ಜೊತೆಗೆ ಕೂರುವುದು ಕಷ್ಟ. ಮಕ್ಕಳಿಗೆ ಬೇಕಾದದ್ದು ಆ ಎರಡನೆಯ ಮಾತು.