ಕೆಂಡದ ಮೇಲೆ ಮಾಂಸ ಬೇಯುವ ಬಗೆ

ಬೆಂಕಿಯಲ್ಲಿ ಸುಟ್ಟು ತಿನ್ನುವುದು ಮಾನವನು ಕಲಿತ ಪಾಕವಿಧಾನಗಳಲ್ಲೆಲ್ಲ ಅತಿ ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಮಾಂಸದ ತುಂಡುಗಳನ್ನು ಕಂಬಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಕ್ರಮವನ್ನು ಹೇಳಿದೆ. ಇಂದು ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಂತಹ ಊರಿನ ಹಿತ್ತಲಿನಲ್ಲಿ ಸೌದೆಯೊಟ್ಟಿ ಕುರಿಮಾಂಸವನ್ನೋ ಮೆಕ್ಕೆಜೋಳದ ತೆನೆಯನ್ನೋ ಸುಟ್ಟರೂ ನಡೆಯುವುದು ಅವೇ ಕ್ರಿಯೆಗಳು. ಅವು ಯಾವುವು?

ಸೌದೆ ಕಾದಾಗ ಮೊದಲು ಅದರಲ್ಲಿರುವ ನೀರು ಆವಿಯಾಗುತ್ತದೆ. ಅನಂತರ ಮರದ ವಸ್ತುವೇ ಒಡೆದು ಉರಿಯಬಲ್ಲ ಅನಿಲಗಳು ಹೊರಡುತ್ತವೆ. ನಾವು ಕಾಣುವ ಜ್ವಾಲೆ ಈ ಅನಿಲಗಳ ದಹನ. ದಹನವು ಪೂರ್ಣವಾಗದಿದ್ದರೆ ಮಸಿಯೂ ಹೊಗೆಯೂ ಉಳಿಯುತ್ತವೆ. ಜ್ವಾಲೆಗೆ ಹಿಡಿದ ತೆನೆ ಕಪ್ಪಗಾಗಿ ಕಹಿಯಾಗುವುದು ಇದರಿಂದಲೇ. ಅನಿಲಗಳೆಲ್ಲ ಹೊರಟುಹೋದ ಮೇಲೆ ಉಳಿಯುವ ಇದ್ದಲು ತನ್ನ ಮೇಲ್ಮೈಯಲ್ಲಿ ಮಾತ್ರ ಉರಿಯುತ್ತದೆ, ಅದೇ ಕೆಂಡ.

ಕೆಂಡದ ಶಾಖ ಬಹುಮಟ್ಟಿಗೆ ವಿಕಿರಣದ ರೂಪದಲ್ಲಿ ಮಾಂಸವನ್ನು ಮುಟ್ಟುತ್ತದೆ. ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆಯೆಂಬುದು ಭೌತಶಾಸ್ತ್ರದ ನಿಯಮ. ಆದುದರಿಂದ ಬೀಸಣಿಗೆಯಿಂದ ಗಾಳಿ ಹಾಕಿ ಕೆಂಡವನ್ನು 600 ಡಿಗ್ರಿ ಸೆಂಟಿಗ್ರೇಡಿನಿಂದ 800ಕ್ಕೆ ಏರಿಸಿದರೆ ವಿಕಿರಣ ಇಮ್ಮಡಿಗಿಂತಲೂ ಅಧಿಕವಾಗುತ್ತದೆ. ತೆಳುವಾಗಿ ಬೂದಿ ಮುಚ್ಚಿದರೆ ಶಾಖ ಹದಕ್ಕೆ ಇಳಿಯುತ್ತದೆ.

ಮಾಂಸದ ಮೇಲ್ಮೈ ತೇವವಾಗಿರುವ ತನಕ ಅದರ ಉಷ್ಣತೆ 100 ಡಿಗ್ರಿಯನ್ನು ಮೀರಲಾರದು. ತೇವ ಆರಿ 140 ಡಿಗ್ರಿಯ ಸುಮಾರಿಗೆ ಬಂದಾಗ ಪ್ರೋಟೀನಿನ ಅಂಶಗಳೂ ಸಕ್ಕರೆಗಳೂ ವೇಗವಾಗಿ ಸಂಯೋಗಗೊಂಡು ಕಂದು ಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಫ್ರಾನ್ಸಿನ ಮೇಯಾರ್ ಎಂಬ ವಿಜ್ಞಾನಿ 1912ರಲ್ಲಿ ವಿವರಿಸಿದ ಕ್ರಿಯೆಯಿದು. ಹೀಗೆ ಕಂದಾದ ಹೊರಪದರವು ರಸವನ್ನು ಒಳಗೇ ಬಂಧಿಸುತ್ತದೆಂದು 1847ರಲ್ಲಿ ಜರ್ಮನಿಯ ಲೀಬಿಗ್ ಸಾರಿದನು. ಹಲವರು ಈಗಲೂ ಹಾಗೆಯೇ ನಂಬಿದ್ದಾರೆ. ಆದರೆ ಸುಡುವಾಗ ಕೇಳಿಸುವ ‘ಚುರ್’ ಎಂಬ ಸದ್ದೇ ನೀರು ಹೊರಬೀಳುತ್ತಿರುವುದಕ್ಕೆ ಸಾಕ್ಷಿ! ಪದರದಿಂದ ಬರುವುದು ರುಚಿ, ರಸದ ರಕ್ಷಣೆಯಲ್ಲ.

ಇನ್ನು ಎಚ್ಚರಿಕೆಯ ಮಾತು. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆಯಲ್ಲಿ ಕ್ಯಾನ್ಸರ್‌ಕಾರಕವಾದ ಬೆಂಜೊಪೈರೀನ್ ಇರುತ್ತದೆ. ಕೊಬ್ಬನ್ನು ಮೊದಲೇ ಕತ್ತರಿಸಿ, ಮಾಂಸವನ್ನು ಕೆಂಡದ ನೇರ ಮೇಲಿಡದೆ ಸ್ವಲ್ಪ ಪಕ್ಕಕ್ಕಿಟ್ಟರೆ ಅದು ಕಡಿಮೆಯಾಗುತ್ತದೆ. ಕೋಳಿಮಾಂಸವಾದರೆ ನಡುಭಾಗವೂ 74 ಡಿಗ್ರಿಯಷ್ಟು ಬಿಸಿಯಾಗಬೇಕು. ಹೊರಗಣ ಬಣ್ಣವನ್ನು ನಂಬಲಾಗದು.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದು. ಕೆಂಡದ ರಾಶಿಯ ತಳದಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡು ಮೇಲೇರುವಾಗ ಬಿಸಿ ಇದ್ದಲನ್ನು ಹಾದು ಮಾನಾಕ್ಸೈಡಾಗಿ ಮಾರ್ಪಡುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಹೊಗೆ ನಿಂತಿತೆಂದು ಉಳಿದ ಕೆಂಡವನ್ನು ಅಗ್ಗಿಷ್ಟಿಕೆಯಲ್ಲಿ ತುಂಬಿ, ಚಳಿ ಕಾಯಲು ಬಾಗಿಲು ಮುಚ್ಚಿದ ಕೋಣೆಗೆ ಒಯ್ದವರು ನಿದ್ರೆಯಲ್ಲೇ ಪ್ರಾಣ ಬಿಟ್ಟಿರುವುದುಂಟು.

ಆದಕಾರಣ ಜ್ವಾಲೆ ಅಡಗುವ ತನಕ ತಾಳ್ಮೆಯಿಂದ ಕಾಯಬೇಕು, ಬಯಲಿನಲ್ಲಿಯೇ ಸುಡಬೇಕು, ಊಟವಾದೊಡನೆ ಕೆಂಡಕ್ಕೆ ನೀರೆರೆದು ಪೂರ್ತಿಯಾಗಿ ಆರಿಸಬೇಕು.