ಕೂಗು ನಿಂತ ಅಂಗಳ: ರಾಮನಗರದ ರೇಷ್ಮೆಗೂಡು ಮಾರುಕಟ್ಟೆ

ಹೊಸ ತಿಪ್ಪಸಂದ್ರದವರಿಗೆ ಹರಾಜು ಹೊಸದಲ್ಲ. ತಿಂಗಳ ಚೀಟಿ ಕೂಗಿ ಎತ್ತಿದ ದುಡ್ಡಿನಲ್ಲಿ ಮದುವೆ ಮುಗಿಸಿದವರು, ಬಿಡಿಎ ಮೂಲೆ ನಿವೇಶನದ ಹರಾಜಿಗೆ ಹೋಗಿ ಬರಿಗೈಲಿ ಬಂದವರು ಇಲ್ಲಿನ ಬೀದಿಗಳಲ್ಲಿ ಸಿಗುತ್ತಾರೆ. ಆದರೆ ಹರಾಜಿನಿಂದಲೇ ಬದುಕುವ ಅಂಗಳವೊಂದನ್ನು ನೋಡಬೇಕೆಂದರೆ ಇಂದಿರಾನಗರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ ತಲುಪಿ, ಮೈಸೂರು ಕಡೆಯ ರೈಲು ಹಿಡಿಯಬೇಕು. ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು.

ಒಳಗೆ ಕಾಲಿಟ್ಟರೆ ಮೊದಲು ಬಡಿಯುವುದು ಗೂಡಿನ ಹಸಿ ವಾಸನೆ. ಸಾಲು ಸಾಲಾಗಿ ಲಾಟುಗಳು. ಹಳದಿ ಬಣ್ಣದ್ದು ಮಿಶ್ರತಳಿ, ಬೆಳ್ಳಗಿರುವುದು ದ್ವಿತಳಿ. ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳು ರಾಶಿಯೊಳಗೆ ಕೈಯಿಟ್ಟು ಹಿಡಿ ಗೂಡು ಎತ್ತುತ್ತಾರೆ, ಒತ್ತಿ ನೋಡುತ್ತಾರೆ, ಒಂದನ್ನು ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗಿನ ಕೋಶದ ಸದ್ದು, ಗೂಡಿನ ಗಟ್ಟಿತನ, ಜೊಳ್ಳಿನ ಪ್ರಮಾಣ, ಇಷ್ಟರಲ್ಲೇ ಎಷ್ಟು ನೂಲು ಬಿಚ್ಚಬಹುದೆಂಬ ಲೆಕ್ಕ ಅವರ ತಲೆಯಲ್ಲಿ ಮುಗಿದಿರುತ್ತದೆ.

ಗೂಡು ಕಾಯುವ ಸರಕಲ್ಲ. ದಿನ ಕಳೆದಂತೆ ತೂಕ ಇಳಿಯುತ್ತದೆ. ಬಿಟ್ಟರೆ ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ರೈತ ಬಿಡಿಸಿದ ಗೂಡನ್ನು ಬಂದ ದಿನವೇ ಮಾರಲೇಬೇಕು. ಇಷ್ಟು ಅವಸರವಿರುವವನ ಎದುರು ಕೊಳ್ಳುವವನು ಒಬ್ಬನೇ ನಿಂತರೆ ಏನಾಗುತ್ತದೆಂದು ಊಹಿಸಬಹುದು. ಹತ್ತು ಜನರನ್ನು ಒಂದೇ ಲಾಟಿನ ಮುಂದೆ ನಿಲ್ಲಿಸಿ ಬಹಿರಂಗವಾಗಿ ದರ ಹೇಳಿಸುವುದೇ ಹರಾಜಿನ ದೊಡ್ಡ ಉಪಕಾರ. ದನಗಳ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕುದುರಿಸುವ ವ್ಯಾಪಾರಕ್ಕೆ ಇದು ತದ್ವಿರುದ್ಧ. 1959ರ ರಾಜ್ಯ ಕಾಯ್ದೆಯೊಂದು ರೇಷ್ಮೆಗೂಡಿನ ಉತ್ಪಾದನೆ, ಮಾರಾಟಗಳನ್ನು ಸರ್ಕಾರದ ನಿಯಂತ್ರಣಕ್ಕೆ ತಂದಿತು.

ಹಿಂದೆ ಈ ಸಾಲುಗಳ ನಡುವೆ ಗುಂಪು ಕಟ್ಟಿಕೊಂಡು ಹರಾಜು ನಡೆಯುತ್ತಿತ್ತು. ಲಾಟಿನ ಮುಂದೆ ನಿಂತು ಒಬ್ಬರು ದರ ಕೂಗುವುದು, ಸುತ್ತಲಿನಿಂದ ಏರಿಕೆ ಬೀಳುವುದು, ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಈಗ ಇ-ಹರಾಜು. ರೀಲರು ಮೊಬೈಲಿನಲ್ಲಿ ಲಾಟಿನ ಸಂಖ್ಯೆ ಒತ್ತಿ ದರ ನಮೂದಿಸುತ್ತಾನೆ. ಬಂದ ದರ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗೆ ಉಳಿದಿದೆ. ಎದುರುಬದುರು ನಿಂತು ಒಬ್ಬರ ಮುಖ ಇನ್ನೊಬ್ಬರು ನೋಡಿಕೊಂಡು ದರ ಹಿಡಿದಿಡುವುದು ಮೊದಲಿನಷ್ಟು ಸುಲಭವಲ್ಲ. ಹಳೆಯ ಪದ್ಧತಿ ಮರಳಿ ಬರಲೆಂದು ನಾನು ಹೇಳಲಾರೆ. ರೈತನಿಗೆ ಇದೇ ಮೇಲು. ಆದರೆ ಆ ಕೂಗಿನ ಕಸುಬು ದಾಖಲೆಯಿಲ್ಲದೆ ಅಳಿಯಬಾರದು.

ನೆದರ್ಲೆಂಡ್ಸಿನ ಬ್ರೂಕ್ ಎಂಬ ಹಳ್ಳಿ ತನ್ನ ಹರಾಜನ್ನು ಉಳಿಸಿಕೊಂಡಿದೆ. 1887ರಲ್ಲಿ ಅಲ್ಲಿ ತರಕಾರಿ ಬೆಳೆಗಾರರ ಹರಾಜು ಶುರುವಾಯಿತು. ತರಕಾರಿ ತುಂಬಿದ ದೋಣಿ ನೀರಿನ ಮೇಲೆ ತೇಲುತ್ತ ನೇರ ಹರಾಜು ಮನೆಯೊಳಗೇ ಬರುತ್ತಿತ್ತು. ವ್ಯವಹಾರ ನಿಂತ ಮೇಲೆ ಕಟ್ಟಡ, ದೋಣಿ, ದರದ ಗಡಿಯಾರ ಎಲ್ಲವೂ ಸೇರಿ ವಸ್ತುಸಂಗ್ರಹಾಲಯವಾಯಿತು. ಮುಳ್ಳು ಹೆಚ್ಚಿನ ದರದಿಂದ ಇಳಿಯುತ್ತ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಮಾಲು. ನೋಡಲು ಬಂದವರೂ ಬೆಂಚಿನಲ್ಲಿ ಕುಳಿತು ಗುಂಡಿ ಒತ್ತಿ ತರಕಾರಿ ಕೊಳ್ಳಬಹುದು. ನಮ್ಮ ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೂ ಬಂದದ್ದು ಇದೇ ಇಳಿದರದ ಪದ್ಧತಿ.

ರಾಮನಗರದಲ್ಲಿ ಬ್ರೂಕ್‌ನಂಥ ಸಂಗ್ರಹಾಲಯದ ಕೋಣೆಯೊಂದಕ್ಕೆ ಬೇಕಾದ ಸಾಮಗ್ರಿ ಕಡಿಮೆಯಿಲ್ಲ: ಹಳೆಯ ತಕ್ಕಡಿ, ಲಾಟು ಚೀಟಿ, ದರ ಬರೆದ ಪುಸ್ತಕ, ಬಿದಿರಿನ ಚಂದ್ರಿಕೆ, ನೂಲು ಬಿಚ್ಚುವ ಚರಕ. ನಾಯಕನಹಟ್ಟಿ ಜಾತ್ರೆಯಲ್ಲಿ ತೇರಿನ ಮುಕ್ತಿ ಬಾವುಟವನ್ನು ಹರಾಜು ಹಾಕುವ ದೃಶ್ಯಕ್ಕೂ ಅಲ್ಲೊಂದು ಗೋಡೆ ಕೊಡಬಹುದು. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಲಾಟಿನ ಮುಂದೆ ನಿಂತು ದರ ಕೂಗಿದವರ ದನಿಯ ಧ್ವನಿಮುದ್ರಣ. ಅವರಿಗೂ ವಯಸ್ಸಾಗುತ್ತಿದೆ. ರೇಷ್ಮೆ ಇಲಾಖೆ ಇದನ್ನು ಈಗಲೇ ಕೈಗೆತ್ತಿಕೊಳ್ಳಬೇಕು.

ನೋಡಲು ಹೋಗುವವರು ಬೆಳಿಗ್ಗೆ ಬೇಗ ಹೊರಡಿ. ಕಚೇರಿಯಲ್ಲಿ ಒಂದು ಮಾತು ಕೇಳಿ ಒಳಹೋಗಿ. ಲಾಟಿನ ಪಕ್ಕದಲ್ಲಿ ನಿಂತ ರೈತರನ್ನು ಮಾತನಾಡಿಸಿ. ದರ ಗೊತ್ತಾಗುವವರೆಗೂ ಅವರಿಗೆ ಬೇರೆ ಕೆಲಸವಿರುವುದಿಲ್ಲ.